ಕೆಂಪಿನ ಓಲೆಗೆ ಬಿಸಿನೀರು ಬೇಡ

ಡೊಂಬಿವ್ಲಿ, ಕಲ್ಯಾಣದ ಕಡೆ ಮನೆಮಂದಿಯೆಲ್ಲ ಲೋಕಲ್ ಹಿಡಿದು ಹೋದ ಮೇಲೆ, ಒಬ್ಬರೇ ಇರುವ ಹಿರಿಯರ ಬಾಗಿಲಿಗೆ ‘ಒಡವೆ ಪಾಲಿಶ್’ ಎಂದು ಬರುವವರಿದ್ದಾರೆ. ಬಳೆ ಫಳಫಳ ಹೊಳೆಯುತ್ತದೆ, ತೂಕ ಇಳಿದಿರುತ್ತದೆ. ನೈಟ್ರಿಕ್, ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣದಲ್ಲಿ ಚಿನ್ನವೂ ಕರಗುತ್ತದೆ. ಕರಗಿದ್ದು ಅವರ ಬಟ್ಟಲಿನಲ್ಲೇ ಹೋಗುತ್ತದೆ. ಊರಿಂದ ಬಂದಿರುವ ಅಮ್ಮ, ಅತ್ತೆಗೆ ಇದನ್ನು ಇವತ್ತೇ ಹೇಳಿ.

22 ಕ್ಯಾರೆಟ್ ಬಳೆ, ಸರಗಳಿಗೆ ನಾನು ಬಳಸುವುದು ಉಗುರುಬೆಚ್ಚಗಿನ ನೀರು, ನಾಲ್ಕು ಅಂಟುವಾಳಕಾಯಿ, ಮಕ್ಕಳ ಮೆತ್ತನೆ ಬ್ರಷ್. ಟೂತ್‌ಪೇಸ್ಟ್ ಬೇಡ, ಚಿನ್ನದ ಮೇಲೆ ಗೀರು ಬೀಳುತ್ತದೆ. ಸಿಂಕಿನಲ್ಲಂತೂ ತೊಳೆಯಲೇಬೇಡಿ, ಬೋಗುಣಿ ಇಟ್ಟುಕೊಳ್ಳಿ.

ಅಜ್ಜಿಯರ ಕಾಲದ ಒಡವೆಯ ಮಾತೇ ಬೇರೆ. ಕೆಂಪಿನ ಓಲೆಯಲ್ಲಿ ಕಲ್ಲಿನ ಹಿಂದೆ ತೆಳು ತಗಡು ಇಟ್ಟು ಮುಚ್ಚಿರುತ್ತಾರೆ. ನೀರು ಒಳಹೊಕ್ಕರೆ ತಗಡು ಮಂಕಾಗಿ ಕಲ್ಲೇ ಸತ್ತಂತೆ ಕಾಣುತ್ತದೆ. ಅರಗು ತುಂಬಿದ ಟೊಳ್ಳು ಒಡವೆ ಬಿಸಿನೀರಿಗೆ ಮೆತ್ತಗಾಗುತ್ತದೆ. ಇವನ್ನು ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಮುತ್ತು, ಹವಳಗಳು ಕ್ಯಾಲ್ಸಿಯಂ ಕಾರ್ಬೊನೇಟ್. ನಿಂಬೆರಸ, ವಿನೆಗರ್ ತಾಗಿದರೆ ಸವೆಯುತ್ತವೆ. ಸೆಂಟು ಹಾಕಿಕೊಂಡ ಮೇಲೆ ಮುತ್ತು ಧರಿಸಿ, ಮೊದಲಲ್ಲ.

ನಮ್ಮ ಮಳೆಗಾಲದ ತೇವಕ್ಕೆ ಬೆಳ್ಳಿ ಬೇಗ ಕಪ್ಪಾಗುತ್ತದೆ. ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರ ಗಂಧಕ ಬೆಳ್ಳಿಗೆ ಶತ್ರು.

ಲಾಕರ್ ಇದ್ದವರಿಗೆ ಒಂದು ಮಾತು. 2022ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಕಳ್ಳತನ, ಬೆಂಕಿಗೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟಿನವರೆಗೆ ಮಾತ್ರ. ಬ್ಯಾಂಕಿನ ನಿರ್ಲಕ್ಷ್ಯವಿಲ್ಲದಿದ್ದರೆ ಪ್ರವಾಹಕ್ಕೆ ಅದೂ ಇಲ್ಲ. 2005ರ ಜುಲೈ 26ರ ನೀರು ಕಂಡ ಕಲ್ಯಾಣದವರು ನೆಲಮಹಡಿಯ ಶಾಖೆಯಾದರೆ ಮೇಲಿನ ಸಾಲಿನ ಲಾಕರನ್ನೇ ಕೇಳಿ.