ಕಿರುಗಾತ್ರದ ಸಬ್‌ವೂಫರ್: ಆಯ್ಕೆಯ ಜಮಾ-ಖರ್ಚು

ಮನೆಯಲ್ಲಿಯೇ ಚಿತ್ರಮಂದಿರದ ಅನುಭವ ಪಡೆಯಬೇಕೆಂಬ ಹಂಬಲ ಇಂದು ವ್ಯಾಪಾರಿ ಕುಟುಂಬಗಳಲ್ಲಿ ಸಾಮಾನ್ಯವಾಗಿದೆ. ಗುಡುಗು, ಸ್ಫೋಟ, ತಮಟೆಯ ಪೆಟ್ಟು ಮೊದಲಾದ ಮಂದ್ರ ಧ್ವನಿಗಳನ್ನು ಹೊರಡಿಸುವ ಸಬ್‌ವೂಫರ್ ಇಲ್ಲದೆ ಆ ಅನುಭವ ಪೂರ್ಣವಾಗದು. ನಗರದ ಮನೆಗಳಲ್ಲಿ ಸ್ಥಳದ ಅಭಾವವಿರುವುದರಿಂದ ಚಿಕ್ಕ ಪೆಟ್ಟಿಗೆಗಳಿಗೇ ಬೇಡಿಕೆ ಹೆಚ್ಚು. ಹತ್ತಾರು ಸಾವಿರ ರೂಪಾಯಿ ತೊಡಗಿಸುವ ಮುನ್ನ ಸದಸ್ಯರು ಕೆಲವು ಅಂಶಗಳನ್ನು ಪರಿಶೀಲಿಸುವುದು ಒಳಿತು.

ಗಾತ್ರದ ಮಿತಿ

ಅಮೆರಿಕದ ಕೆ.ಎಲ್.ಎಚ್. ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಹಾಫ್‌ಮನ್ ಅವರ ಹೆಸರಿನ ನಿಯಮವೊಂದಿದೆ. ಚಿಕ್ಕ ಪೆಟ್ಟಿಗೆ, ಆಳವಾದ ಮಂದ್ರ, ಕಡಿಮೆ ವಿದ್ಯುಚ್ಛಕ್ತಿಯಲ್ಲಿ ಹೆಚ್ಚು ಧ್ವನಿ — ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಲು ಸಾಧ್ಯ. ಧ್ವನಿಯ ಮಟ್ಟ ಬದಲಾಗದೆ 60 ಹರ್ಟ್ಸ್‌ನಿಂದ 30 ಹರ್ಟ್ಸ್‌ಗೆ ಇಳಿಯಬೇಕಾದರೆ ಶಂಕು ತಳ್ಳಬೇಕಾದ ಗಾಳಿ ನಾಲ್ಕು ಪಟ್ಟಾಗುತ್ತದೆ. 12 ಇಂಚಿನ ಶಂಕುವಿನ ವಿಸ್ತೀರ್ಣ 8 ಇಂಚಿನದಕ್ಕಿಂತ 2.25 ಪಟ್ಟು ಹೆಚ್ಚು. ಆದುದರಿಂದ ಅಂಗೈಯಗಲದ ಪೆಟ್ಟಿಗೆ ಚಿತ್ರಮಂದಿರವನ್ನೇ ನಡುಗಿಸುವುದೆಂಬ ಜಾಹೀರಾತನ್ನು ನಂಬಲಾಗದು.

ವಾಟ್‌ಗಳ ಮಾಯೆ

ಪಿ.ಎಂ.ಪಿ.ಒ. ಎಂಬ ಅಂಕಿಗೆ ಸರ್ವಮಾನ್ಯ ಮಾನದಂಡವಿಲ್ಲ. ಅದು ಲೆಕ್ಕಪರಿಶೋಧನೆಯಾಗದ ಆಯವ್ಯಯ ಪಟ್ಟಿಯಿದ್ದಂತೆ. ನಿರಂತರ ಸಾಮರ್ಥ್ಯ ಸೂಚಿಸುವ ಆರ್.ಎಂ.ಎಸ್. ಅಂಕಿಯನ್ನೇ ಕೇಳಬೇಕು. ಅಲ್ಲಿಯೂ 100 ವಾಟ್ 200 ಆದರೆ ಧ್ವನಿ ಇಮ್ಮಡಿಯಾಗುವುದಿಲ್ಲ, ಕೇವಲ 3 ಡೆಸಿಬೆಲ್ ಏರುತ್ತದೆ. ಕಿವಿಗೆ ಇಮ್ಮಡಿ ಎನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. ಎಷ್ಟು ಹರ್ಟ್ಸ್‌ವರೆಗೆ, ಎಷ್ಟು ಡೆಸಿಬೆಲ್ ಇಳಿಕೆಯೊಳಗೆ ಎಂಬ ವಿವರವೇ ಹೆಚ್ಚು ಉಪಯುಕ್ತ.

ಸ್ಥಾಪನೆ

ಮುಚ್ಚಿದ ಪೆಟ್ಟಿಗೆ ಚಿಕ್ಕದು. ಗಾಳಿಕಿಂಡಿಯುಳ್ಳದ್ದು ದೊಡ್ಡದಾದರೂ ಅದೇ ಶಕ್ತಿಯಲ್ಲಿ ಮಂದ್ರವನ್ನು ಜೋರಾಗಿ ಕೊಡುತ್ತದೆ. ಪೆಟ್ಟಿಗೆಯನ್ನು ಮೂಲೆಗೆ ಸರಿಸಿದರೆ ಖರ್ಚಿಲ್ಲದೆ ಧ್ವನಿ ಏರುತ್ತದೆ, ಆದರೆ ಗುಂಯ್‌ಗುಡುವಿಕೆಯೂ ಹೆಚ್ಚಬಹುದು. ಪೆಟ್ಟಿಗೆಯನ್ನು ತಾತ್ಕಾಲಿಕವಾಗಿ ಆಸನದಲ್ಲಿಟ್ಟು ಕೊಠಡಿಯಲ್ಲಿ ಸುತ್ತಾಡಿ, ಧ್ವನಿ ಸಮನಾಗಿ ಕೇಳಿಸುವ ಜಾಗವನ್ನು ಆರಿಸುವುದು ಸುಲಭೋಪಾಯ. ಕ್ರಾಸ್‌ಓವರನ್ನು 80 ಹರ್ಟ್ಸ್‌ನಿಂದ ಆರಂಭಿಸಬಹುದು. ಮಂದ್ರ ಧ್ವನಿ ಗೋಡೆಗಳನ್ನು ದಾಟುವುದರಿಂದ ಅಪಾರ್ಟ್‌ಮೆಂಟ್ ವಾಸಿಗಳು ನೆರೆಯವರ ನಿದ್ರೆಯನ್ನೂ ಗಮನಿಸಬೇಕು. ಅಮೆರಿಕದಿಂದ ಬಂಧುಗಳು ತರುವ 120 ವೋಲ್ಟ್‌ಗೆ ಮಾತ್ರ ಹೊಂದುವ ಪೆಟ್ಟಿಗೆಯನ್ನು ನಮ್ಮ 230 ವೋಲ್ಟ್‌ಗೆ ನೇರವಾಗಿ ಜೋಡಿಸಲಾಗದು.

ಬಿಲ್ಲು ಯಾರ ಹೆಸರಿಗೆ?

ಎಚ್ಚರಿಕೆ ಅತ್ಯಗತ್ಯವಾದುದು ಇಲ್ಲಿಯೇ. ಮನೆಯ ಸಬ್‌ವೂಫರನ್ನು ಅಂಗಡಿಯ ಜಿ.ಎಸ್.ಟಿ. ಸಂಖ್ಯೆಗೆ ಬಿಲ್ಲು ಮಾಡಿಸಿ ತೆರಿಗೆ ಜಮಾ ಪಡೆಯುವ ಪರಿಪಾಠ ಕೆಲವರಲ್ಲಿದೆ. ವೈಯಕ್ತಿಕ ಉಪಭೋಗದ ಸರಕಿಗೆ ಹೂಡುವಳಿ ತೆರಿಗೆ ಜಮಾ ಸಲ್ಲದೆಂದು 2017ರ ಕೇಂದ್ರ ಜಿ.ಎಸ್.ಟಿ. ಕಾಯಿದೆಯ 17(5)(ಜಿ) ಸ್ಪಷ್ಟಪಡಿಸುತ್ತದೆ. ತಪ್ಪಾಗಿ ಪಡೆದು ಬಳಸಿದ ಜಮಾವನ್ನು ಬಡ್ಡಿಸಹಿತ ಮರಳಿಸಬೇಕಾಗುತ್ತದೆ, ದಂಡವೂ ಬೀಳಬಹುದು. ಆದಾಯ ತೆರಿಗೆಯಲ್ಲಿಯೂ ಸ್ವಂತ ಖರ್ಚು ವ್ಯಾಪಾರದ ವೆಚ್ಚವಾಗದು. ಮೇಲಾಗಿ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಖ್ಯೆ ವಾಣಿಜ್ಯ ಉದ್ದೇಶದ ಖರೀದಿದಾರನನ್ನು ಗ್ರಾಹಕನೆಂದು ಪರಿಗಣಿಸುವುದಿಲ್ಲ. ಪೆಟ್ಟಿಗೆ ಕೆಟ್ಟು ಆಯೋಗದ ಮೆಟ್ಟಿಲೇರಿದಾಗ, ಅಂಗಡಿಯ ಹೆಸರಿನ ಬಿಲ್ಲನ್ನೇ ಎದುರುಪಕ್ಷದವರು ಆಕ್ಷೇಪಣೆಗೆ ಬಳಸಬಹುದು.

ಆದ್ದರಿಂದ ಸ್ವಂತ ಹೆಸರಿನಲ್ಲಿ ಬಿಲ್ಲು ಪಡೆದು, ಮಾದರಿ ಹಾಗೂ ಕ್ರಮಸಂಖ್ಯೆ ನಮೂದಿಸಿಕೊಂಡು, ಖಾತರಿ ಪತ್ರವನ್ನು ಅದರೊಡನೆ ಕಾಪಾಡಿರಿ. ಸಂಸ್ಥೆಯ ಹಣದಿಂದ ಪಾವತಿಸಿದ್ದರೆ ಮಾಲೀಕರು ಅದನ್ನು ಸ್ವಂತ ಬಳಕೆಯ ಖಾತೆಗೆ ಖರ್ಚು ಬರೆದರಾಯಿತು.