ಡ್ರಿಪ್ ಪೈಪು ಕೊಟ್ಟ ದೇಶದ ಸುಗ್ಗಿ ಹಬ್ಬ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ಈ ಕಡೆ ಯಾವ ರೈತನನ್ನ ಬೇಕಾದ್ರೂ ನಿಲ್ಲಿಸಿ ಇಸ್ರೇಲ್ ಅಂದ್ರೆ ಏನು ಅಂತ ಕೇಳಿ. ಡ್ರಿಪ್ ಅಂತಾನೆ. ತಪ್ಪೇನಿಲ್ಲ. 1965ರಲ್ಲಿ ನೆಗೆವ್ ಮರುಭೂಮಿಯ ಹಟ್ಜೆರಿಮ್ ಅನ್ನೋ ಊರಲ್ಲಿ ಹನಿ ನೀರಾವರಿ ಕಂಪನಿ ಶುರುವಾಯ್ತು. ಇವತ್ತು ಶ್ರೀನಿವಾಸಪುರ ತಾಲ್ಲೂಕಿನ ಹೊಗಳಗೆರೆಯಲ್ಲಿ ಇಂಡೋ-ಇಸ್ರೇಲ್ ಮಾವು ಕೇಂದ್ರವೇ ಇದೆ. 2018ರ ಬಜೆಟ್‌ನಲ್ಲಿ ಕುಮಾರಸ್ವಾಮಿಯವರು ಇಸ್ರೇಲ್ ಮಾದರಿ ನೀರಾವರಿಗೆ ಆರಿಸಿದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಸರಿ, ಪೈಪಿನ ವಿಷಯ ಗೊತ್ತಾಯ್ತು. ಫಸಲು ಮನೆಗೆ ಬಂದ ಮೇಲೆ ಆ ಜನ ಏನು ಮಾಡ್ತಾರೆ? ಅದನ್ನ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮನೆ ಬಿಟ್ಟು ಹೊರಗೆ ಬರ್ತಾರೆ! ಹಬ್ಬದ ಹೆಸರು ಸುಕ್ಕೋತ್. ಸುಕ್ಕಾ ಅಂದ್ರೆ ಗುಡಿಸಲು. ಈಜಿಪ್ಟಿನ ಗುಲಾಮಗಿರಿಯಿಂದ ಬಿಡಿಸಿಕೊಂಡು ಪೂರ್ವಜರು 40 ವರ್ಷ ಅಲೆದದ್ದರ ನೆನಪಿಗೆ ಏಳು ದಿನ ಗುಡಿಸಲಲ್ಲೇ ಊಟ. ಕೆಲವರು ಮಲಗೋದೂ ಅಲ್ಲೇ. ಚಾವಣಿಗೆ ಸೊಪ್ಪು, ಗರಿ, ಕಡ್ಡಿ ಮಾತ್ರ. ಶೀಟು ಹಾಕೋ ಹಾಗಿಲ್ಲ. ನಮ್ಮ ಹೀರೆಬಳ್ಳಿ ಚಪ್ಪರದ ಥರ ಬೇರು ನೆಲದಲ್ಲಿದ್ದರೂ ನಡೆಯಲ್ಲ, ಕಡಿದದ್ದೇ ಆಗಬೇಕು. ಬಿಸಿಲಿಗಿಂತ ನೆರಳು ಜಾಸ್ತಿ ಇರಬೇಕು. ರಾತ್ರಿ ನಕ್ಷತ್ರ ಕಾಣೋ ಹಾಗಿದ್ದರೆ ಒಳ್ಳೇದು. ಕೈಯಲ್ಲಿ ಖರ್ಜೂರದ ಗರಿ, ಇನ್ನೆರಡು ಬಗೆಯ ಸೊಪ್ಪು, ಜೊತೆಗೆ ಒಂದು ಮಾದಳ ಹಣ್ಣು.

ನನಗೆ ಹಿಡಿಸಿದ್ದು ಊಟಕ್ಕೆ ಯಾರನ್ನ ಕರೀಬೇಕು ಅನ್ನೋ ಪಟ್ಟಿ. ಮಕ್ಕಳು ಸರಿ. ಆಳು, ಅನಾಥ, ವಿಧವೆ, ಊರಿಗೆ ಬಂದ ಪರಕೀಯ, ಇವರೆಲ್ಲ ನಿನ್ನ ಜೊತೆ ಸಂತೋಷಪಡಬೇಕು ಅಂತ ಅವರ ಧರ್ಮಗ್ರಂಥವೇ ಹೇಳುತ್ತೆ. ಬೆಂಗಳೂರಲ್ಲೂ ಬೆರಳೆಣಿಕೆಯಷ್ಟು ಯಹೂದಿಗಳಿದ್ದಾರೆ. ಮೈಸೂರು ರಸ್ತೆಯಲ್ಲಿರೋ ಅವರ ಸ್ಮಶಾನ 1904ರಲ್ಲಿ ಮಹಾರಾಜರು ಕೊಟ್ಟ ಜಾಗ. ಸಾಮೂಹಿಕ ಪ್ರಾರ್ಥನೆಗೆ ಸಂಪ್ರದಾಯದ ಪ್ರಕಾರ ಹತ್ತು ಗಂಡಸರು ಸೇರಬೇಕು. ಗುಡಿಸಲಿಗೆ ಆ ಲೆಕ್ಕ ಇಲ್ಲ, ಪಕ್ಕದ ಮನೆಯವರೂ ಬಂದು ಕೂರಬಹುದು.

ಹಬ್ಬ ಶುರುವಾಗೋದು ಹುಣ್ಣಿಮೆಗೆ. 2025ರಲ್ಲಿ ಅಕ್ಟೋಬರ್ 6ರ ಸಂಜೆ. ಆಕಾಶದಲ್ಲಿದ್ದದ್ದು ನಮ್ಮ ಸೀಗೆ ಹುಣ್ಣಿಮೆಯ ಚಂದ್ರ! ಮಲೆನಾಡಲ್ಲಿ ಭೂಮಿತಾಯಿಗೆ ಬಸುರಿ ಬಯಕೆ ತೀರಿಸೋ ಹುಣ್ಣಿಮೆ ಅದು. ಕಾಕತಾಳೀಯ ಅಲ್ಲ ಕಣ್ರೀ. ಅವರೂ ಚಂದ್ರನ ಲೆಕ್ಕದವರು, ಅವರಿಗೂ ಅಧಿಕಮಾಸ ಇದೆ.

ಏಳು ದಿನ ಮುಗಿದ ಮೇಲೆ, ಎಂಟನೇ ದಿನ ಮಳೆಗೆ ಪ್ರಾರ್ಥನೆ. ಮೊದಲೇ ಬೇಡಿದರೆ ಗುಡಿಸಲು ಸೋರುತ್ತಲ್ಲ! ಹಳೆಯ ಪದ್ಧತಿ ಇನ್ನೂ ಚೆನ್ನಾಗಿದೆ. ನಿತ್ಯ ಪ್ರಾರ್ಥನೆಯಲ್ಲಿ ಮಳೆ ಕೇಳೋಕೆ ಇನ್ನೂ 15 ದಿನ ಕಾಯ್ತಿದ್ದರು. ಜೆರುಸಲೇಮಿಗೆ ಹಬ್ಬಕ್ಕೆ ಬಂದ ಕಟ್ಟಕಡೆಯವನು ಯೂಫ್ರಟಿಸ್ ನದಿ ತನಕ ನೆನೆಯದೆ ಊರು ಸೇರಲಿ ಅಂತ.

2023ರ ಅಕ್ಟೋಬರ್ 7ರ ಹಮಾಸ್ ದಾಳಿ ನಡೆದದ್ದು ಇದೇ ಎಂಟನೇ ದಿನ. ಆಮೇಲೆ ಗಾಜಾದಲ್ಲಿ ಆದದ್ದನ್ನ ಜಗತ್ತು ನೋಡಿದೆ. ಹಬ್ಬದ ಬಗ್ಗೆ ಮಾತಾಡಿದ ಮಾತ್ರಕ್ಕೆ ಅಲ್ಲಿನ ಸರ್ಕಾರದ ವಕಾಲತ್ತು ವಹಿಸಿದ ಹಾಗಲ್ಲ.

ನಮ್ಮ ವಿಷಯಕ್ಕೆ ಬರೋಣ. ಜೆರುಸಲೇಮಿಗಿಂತ ಕೋಲಾರದಲ್ಲೇ ಮಳೆ ಜಾಸ್ತಿ ಬೀಳುತ್ತೆ ಅಂದ್ರೆ ನಂಬ್ತೀರಾ? ಆದರೂ ನಾವು ಸಾವಿರ ಅಡಿ ದಾಟಿ ಬೋರ್ ಕೊರೀತೀವಿ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆ, ಎರಡೇ ಹಂತ ಶುದ್ಧ ಮಾಡಿದ್ದು. ಮೂರನೇ ಹಂತ ಮಾಡಿ ಅಂತ ಜಿಲ್ಲೆಯ ಜನ ಬೀದಿಗಿಳಿದು ಕೇಳಿದ್ದಾರೆ. ಟೆಲ್ ಅವೀವ್ ಸುತ್ತಲಿನ ಕೊಳಚೆಯನ್ನ ಶುದ್ಧ ಮಾಡಿ, ಮರಳಲ್ಲಿ ಇಂಗಿಸಿ, ಮತ್ತೆ ಮೇಲೆತ್ತಿ ನೆಗೆವ್ ಹೊಲಗಳಿಗೆ ಹರಿಸ್ತಾರೆ. ಅದೂ ಇಸ್ರೇಲ್ ಮಾದರಿನೇ ತಾನೇ?

ನನ್ನದೊಂದು ಸಲಹೆ. ಮುಂದಿನ ಸೀಗೆ ಹುಣ್ಣಿಮೆಗೆ ಹೊಗಳಗೆರೆಯಲ್ಲಿ ಒಂದು ಚಪ್ಪರ ಹಾಕಿ. ತೆಂಗಿನ ಗರಿ, ಮಾವಿನ ಸೊಪ್ಪು ಸಾಕು. ಇಸ್ರೇಲಿ ತಜ್ಞರನ್ನ ಕರೀರಿ, ಬೆಂಗಳೂರಿನ ಯಹೂದಿಗಳನ್ನ ಕರೀರಿ. ತೋಟಕ್ಕೆ ಕೂಲಿಗೆ ಬರೋ ಹೆಂಗಸರು ಮೊದಲ ಪಂಕ್ತಿಯಲ್ಲಿ ಕೂರಲಿ. ಮುದ್ದೆ, ಅವರೆಕಾಳು ಸಾರು ಬಡಿಸಿ. ಊಟ ಆದ ಮೇಲೆ ಆ ಮೂರನೇ ಹಂತಕ್ಕೆ ಎಷ್ಟು ಖರ್ಚು, ಎಷ್ಟು ವರ್ಷ ಹಿಡಿಯುತ್ತೆ ಅಂತ ತಜ್ಞರನ್ನ ಕೇಳಿ. ನೀರಾವರಿ ಸಚಿವರೂ ಅದೇ ಚಾಪೆ ಮೇಲೆ ಕೂತಿರಲಿ.