ಪಂಚೆ ಉಟ್ಟವರ ಸೊಂಟದ ಆಯುಧ

ಪಂಚೆಗೆ ಜೇಬಿಲ್ಲ, ಬೆಲ್ಟು ತೂರಿಸುವ ಪಟ್ಟಿಯೂ ಇಲ್ಲ. ಎರಡು ಸುತ್ತು ಸುತ್ತಿ, ಒಂದು ಮಡಿಕೆ ಹಾಕಿ ಅಂಚನ್ನು ಸಿಕ್ಕಿಸಿದರೆ ಅದು ನಿಲ್ಲುತ್ತದೆ. ಆ ಮಡಿಕೆಗೆ ಬೀಡಿ ಕಟ್ಟೋ ಎಲೆಅಡಿಕೆ ಸಂಚಿಯೋ ಭಾರವಲ್ಲ, ಕಬ್ಬಿಣ ಭಾರ. ಮೂಡಿಗೆರೆ, ಕಳಸ, ಚಿಕ್ಕಮಗಳೂರಿನ ಕಾಫಿ ಸೀಮೆಯವರು ಇದಕ್ಕೆ ಹಿಂದಿನಿಂದಲೂ ಕಂಡುಕೊಂಡ ಉಪಾಯ ಕತ್ತಿಕೊಕ್ಕೆ. ಎತ್ತಿ ಕಟ್ಟಿದ ಪಂಚೆಯ ಮೇಲೆ ಸೊಂಟಕ್ಕೆ ಹಗ್ಗವನ್ನೋ ಚರ್ಮದ ಪಟ್ಟಿಯನ್ನೋ ಬಿಗಿಯುತ್ತಾರೆ. ಅದರ ಬೆನ್ನ ಕಡೆಗೆ ಕೊಕ್ಕೆ ಇರುತ್ತದೆ. ಹಿಡಿ ಮೇಲೆ, ಅಲಗು ಕೆಳಗೆ ಬರುವಂತೆ ಕತ್ತಿಯನ್ನು ಅದಕ್ಕೆ ತೂಗುಹಾಕುತ್ತಾರೆ. ಭಾರವೆಲ್ಲ ಪಟ್ಟಿಯ ಮೇಲೆ ಬೀಳುವುದರಿಂದ ಪಂಚೆ ಜಾರುವುದಿಲ್ಲ. ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿಗೆಂದು ಸಿಲ್ವರ್ ಓಕ್ ಹತ್ತುವವನಿಗೆ ಎರಡು ಕೈಯೂ ಖಾಲಿ ಸಿಗುತ್ತವೆ. ಕತ್ತಿ ಎಲ್ಲರ ಕಣ್ಣಿಗೂ ಕಾಣುತ್ತದೆ. ಅದನ್ನು ಅಡಗಿಸಬೇಕೆಂದು ಯಾರಿಗೂ ಅನಿಸಿದ್ದಿಲ್ಲ.

ಕೊಡಗಿನಲ್ಲಿ ಇದೇ ಏರ್ಪಾಡು ವಿಧ್ಯುಕ್ತ ಉಡುಗೆಯ ಭಾಗವಾಗಿದೆ. ಕುಪ್ಯ ಎಂಬ ನಿಲುವಂಗಿಯ ಮೇಲೆ ಚೇಲೆ ಎಂಬ ಕೆಂಪು ರೇಷ್ಮೆಯ ಸೊಂಟಪಟ್ಟಿ ಬಿಗಿದು, ಅದರೊಳಗೆ ಪೀಚೆಕತ್ತಿ ಎಂಬ ಬಾಕು ಸಿಕ್ಕಿಸುತ್ತಾರೆ. ಅಗಲ ಅಲಗಿನ ಒಡಿಕತ್ತಿ ಬೆನ್ನ ಹಿಂದಿನ ಕೊಕ್ಕೆಯಾದ ತೋಡಂಗ್‌ನಲ್ಲಿ ನಿಲ್ಲುತ್ತದೆ.

ಸ್ಕಾಟ್‌ಲೆಂಡಿನ ಬೆಟ್ಟದವರು ಉಡುವ ಕಿಲ್ಟ್ ಕೂಡ ಜೇಬಿಲ್ಲದ ನೆರಿಗೆ ಬಟ್ಟೆ. ಅವರು ಮುಂದೆ ಸ್ಪೋರನ್ ಎಂಬ ಚರ್ಮದ ಚೀಲ ತೂಗುಬಿಟ್ಟರು, ಕಾಲುಚೀಲದ ಅಂಚಿಗೆ ಚಿಕ್ಕ ಚೂರಿ ಸಿಕ್ಕಿಸಿದರು. ಪರ್ತ್‌ಶೈರಿನ ಡೂನ್ ಎಂಬ ಹಳ್ಳಿಯ ಕುಶಲಕರ್ಮಿಗಳು 17ನೇ ಶತಮಾನದಿಂದ ಹಿಡಿಯೂ ಲೋಹದ್ದೇ ಆದ ಪಿಸ್ತೂಲುಗಳನ್ನು ಮಾಡುತ್ತಿದ್ದರು. ಅವುಗಳ ಪಕ್ಕಕ್ಕೆ ಉದ್ದನೆಯ ಉಕ್ಕಿನ ಕೊಕ್ಕೆ ಜೋಡಿಸಿರುತ್ತಿತ್ತು. ಅದನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿದರೆ ಪಿಸ್ತೂಲು ಅಲ್ಲೇ ತೂಗುತ್ತಿತ್ತು. ಮೂಡಿಗೆರೆಯ ಕತ್ತಿ ಮತ್ತು ಡೂನ್‌ನ ಪಿಸ್ತೂಲು ಒಂದೇ ತೊಡಕಿಗೆ ಒಂದೇ ಬಗೆಯ ಕೊಕ್ಕೆಯನ್ನು ಪಡೆದವು. ಬ್ರಿಟಿಷ್ ಅರಸೊತ್ತಿಗೆಯ ವಿರುದ್ಧ 1745ರಲ್ಲಿ ಎದ್ದ ಬಂಡಾಯ ಮುರಿದ ಮೇಲೆ, 1746ರಲ್ಲಿ ಬ್ರಿಟಿಷ್ ಸಂಸತ್ತು ಬೆಟ್ಟದವರ ಆಯುಧವನ್ನೂ ಉಡುಗೆಯನ್ನೂ ಒಟ್ಟಿಗೆ ನಿಷೇಧಿಸಿತು. ಉಡುಗೆಯ ಮೇಲಿನ ನಿಷೇಧ 1782ರಲ್ಲಿ ಹೋಯಿತು. ಪಿಸ್ತೂಲಿನ ಕಥೆ ಬೇರೆ. ಡೂನ್‌ನಿಂದ ಕೆಲವೇ ಮೈಲಿ ದೂರದ ಡನ್‌ಬ್ಲೇನ್ ಶಾಲೆಯಲ್ಲಿ 1996ರ ಮಾರ್ಚ್‌ನಲ್ಲಿ 16 ಮಕ್ಕಳು ಮತ್ತು ಒಬ್ಬ ಶಿಕ್ಷಕಿ ಗುಂಡಿಗೆ ಬಲಿಯಾದರು. ಮರುವರ್ಷವೇ ಖಾಸಗಿಯವರ ಕೈಯಲ್ಲಿದ್ದ ಬಹುತೇಕ ಎಲ್ಲ ಕೈಬಂದೂಕುಗಳನ್ನು ಅಲ್ಲಿನ ಕಾನೂನು ಹಿಂಪಡೆಯಿತು. ಕಿಲ್ಟ್ ಜೊತೆಗಿನ ಚಿಕ್ಕ ಚೂರಿಗೆ ಮಾತ್ರ ರಾಷ್ಟ್ರೀಯ ಉಡುಗೆಯ ಭಾಗವೆಂದು ವಿನಾಯಿತಿ ಉಳಿದಿದೆ.

ಕಾಫಿ ಸೀಮೆಯಲ್ಲಿ ಬಂದೂಕೆಂದರೆ ಬಹುಪಾಲು ಹೆಗಲ ಮೇಲಿನ ಕೋವಿ: ಕೇಪಿನ ಕೋವಿ, ಒಂಟಿನಳಿಗೆ, ಜೋಡಿನಳಿಗೆ. ಭತ್ತದ ಗದ್ದೆಗೆ ಹಂದಿ, ತೋಟಕ್ಕೆ ಕೋತಿ ಬರುವ ಊರಿನಲ್ಲಿ ಬೆಳೆ ರಕ್ಷಣೆಯ ಲೈಸೆನ್ಸ್ ಎಂಬ ಮಾತು ಹೊಸದಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಹೆಸರಿಸಿ ಹೇಳುತ್ತದೆ. ಇಷ್ಟುದ್ದದ ಕೋವಿ ಯಾವ ಪಂಚೆಯಲ್ಲೂ ಅಡಗುವುದಿಲ್ಲ. ರಿವಾಲ್ವರಿನ ಪ್ರಶ್ನೆ ಹುಟ್ಟಿದ್ದು ಬೆಳೆಯಿಂದಲ್ಲ, ಹಣದಿಂದ. ಬಟವಾಡೆಯ ದಿನ ಪೇಟೆಯ ಬ್ಯಾಂಕಿನಿಂದ ನಗದು ತೆಗೆದು, ಜನಸಂಚಾರವಿಲ್ಲದ ತಿರುವುಗಳನ್ನು ದಾಟಿ ತೋಟಕ್ಕೆ ಒಯ್ಯಬೇಕಿತ್ತು. ಕೂಲಿ ಖಾತೆಗೆ ಜಮೆಯಾಗುವ ಕಡೆ ಈ ಕಾರಣ ಈಗ ಸವೆದಿದೆ.

ಆತ್ಮರಕ್ಷಣೆಗೆ ಲೈಸೆನ್ಸ್ ಪಡೆದವರ ಕೈಗೆ ಸಾಮಾನ್ಯವಾಗಿ ಸಿಗುವುದು .32 ಬೋರಿನ ರಿವಾಲ್ವರ್ ಅಥವಾ ಪಿಸ್ತೂಲು. 9 ಎಂಎಂ ಬೋರು ನಾಗರಿಕರಿಗೆ ನಿಷಿದ್ಧ. ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಸುಮಾರು 700 ಗ್ರಾಂ ತೂಗುತ್ತದೆ, 6 ಗುಂಡು ಹಿಡಿಯುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಇದನ್ನು ಹೋಲ್‌ಸ್ಟರಿನಲ್ಲೋ ಅದಕ್ಕೆ ತಕ್ಕ ಚೀಲದಲ್ಲೋ, ಪೂರ್ತಿ ಮುಚ್ಚಿ, ಹಿಡಿತ ತಪ್ಪದಂತೆ ಒಯ್ಯಬೇಕು. ಬೀಸಿ ತೋರಿಸುವಂತಿಲ್ಲ. ಕತ್ತಿಗೆ ಇದ್ದ ರೂಢಿ ಇಲ್ಲಿ ತಿರುಗುಮುರುಗಾಗಿದೆ: ರಿವಾಲ್ವರ್ ಕಾಣಬಾರದು.

ಪಂಚೆಯವರಿಗೆ ತೊಂದರೆ ಶುರುವಾಗುವುದೇ ಇಲ್ಲಿ. ಪಂಚೆಯ ಮಡಿಕೆಗೆ ತುರುಕಿದ ರಿವಾಲ್ವರ್ ನಾಲ್ಕು ಹೆಜ್ಜೆಗೆ ಜಾರುತ್ತದೆ. ಮೆಟ್ಟಿಲು ಹತ್ತುವಾಗ ಪಂಚೆ ಎತ್ತಿ ಕಟ್ಟುವುದು ಯೋಚಿಸದೆ ಮಾಡುವ ಕೆಲಸ. ಆಗ ಮಡಿಕೆಯೇ ಬಿಚ್ಚಿಕೊಳ್ಳುತ್ತದೆ. ಗುಂಡು ತುಂಬಿದ ಆಯುಧ ಕೆಳಗೆ ಬಿದ್ದರೆ, ಅಥವಾ ಬೀಳುವುದನ್ನು ತಡೆಯಲು ಹೋದ ಬೆರಳು ಕುದುರೆಗೆ, ಎಂದರೆ ಟ್ರಿಗರಿಗೆ, ತಾಗಿದರೆ, ಮೊದಲು ಗಾಯವಾಗುವುದು ಹೊತ್ತವನ ತೊಡೆಗೆ. ಒಳಗಿನ ಪಟ್ಟಾಪಟ್ಟಿ ಚಡ್ಡಿಯ ಜೇಬು ಹಣಕ್ಕೆ ಸಾಕು, ಇದಕ್ಕೆ ಸಾಲದು. ಕರಾವಳಿಯಿಂದ ಬರುವ ವ್ಯಾಪಾರಿಗಳು ಮುಂಡಿನ ಮೇಲೆ ಬಿಗಿಯುವ ಅಗಲವಾದ ಹಸಿರು ಬೆಲ್ಟಿನ ಜೇಬೂ ಹಣಕ್ಕೆಂದೇ ಹೊಲಿದದ್ದು. ಇರುವ ದಾರಿ ಕತ್ತಿಕೊಕ್ಕೆಯದೇ: ಪಂಚೆಯನ್ನು ನಂಬದ, ತಾನೇ ನಿಲ್ಲುವ ಗಟ್ಟಿ ಬೆಲ್ಟು, ಕುದುರೆಯನ್ನು ಪೂರ್ತಿ ಮುಚ್ಚುವ ಹೋಲ್‌ಸ್ಟರು, ಮೇಲೆ ಸಡಿಲ ಅಂಗಿ. ಅಂಗಿ ತೆಗೆಯಬೇಕಾದ ಕಡೆ ಅದೂ ನಡೆಯದು. ಹೊರನಾಡಿನ ಅನ್ನಪೂರ್ಣೇಶ್ವರಿ ದರ್ಶನಕ್ಕೆ ಗಂಡಸರು ಅಂಗಿ ಕಳಚಿ ಶಲ್ಯ ಹೊದ್ದೇ ಹೋಗಬೇಕು.

ಪಂಚೆಯನ್ನು ಹೆಚ್ಚಾಗಿ ಉಡುವುದೂ ದೇವಸ್ಥಾನ, ಜಾತ್ರೆ, ಮದುವೆಗಳಿಗೇ. ಜಾತ್ರೆ, ಧಾರ್ಮಿಕ ಮೆರವಣಿಗೆ, ಜನಸಂದಣಿಯ ಸಭೆ ಮತ್ತು ಶಾಲೆಯ ಆವರಣಕ್ಕೆ ಜಿಲ್ಲಾ ಮ್ಯಾಜಿಸ್ಟ್ರೇಟರ ವಿಶೇಷ ಅನುಮತಿಯಿಲ್ಲದೆ ಆಯುಧ ಒಯ್ಯಬಾರದೆಂಬುದು ಲೈಸೆನ್ಸಿನಲ್ಲೇ ಅಚ್ಚಾದ ಷರತ್ತು. ಮದುವೆ ಸಂಭ್ರಮಕ್ಕೆ ಅಜಾಗರೂಕತೆಯಿಂದ ಗುಂಡು ಹಾರಿಸಿದರೆ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಎಂದು 2019ರ ತಿದ್ದುಪಡಿ ಸೇರಿಸಿತು. ಒಬ್ಬರಿಗೆ ಎರಡೇ ಬಂದೂಕು ಎಂಬ ಮಿತಿಯೂ ಆಗಲೇ ಬಂದದ್ದು. ಹಾಗಾಗಿ ಅಜ್ಜನ ಜೋಡಿನಳಿಗೆ, ಅಪ್ಪನ ಒಂಟಿನಳಿಗೆ ಎರಡೂ ತಮ್ಮ ಹೆಸರಿಗೆ ಬಂದಿರುವವರು ರಿವಾಲ್ವರಿಗೆ ಅರ್ಜಿ ಹಾಕಬೇಕಾದರೆ ಒಂದನ್ನು ಬಿಟ್ಟುಕೊಡಬೇಕು. ಹಂದಿ ಬರುವ ಗದ್ದೆ ಇರುವವರಿಗೆ ಅದು ಒಳ್ಳೆಯ ಅದಲುಬದಲಲ್ಲ.

ಕೊಡವರಿಗೂ ಕೊಡಗಿನ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ 1861ರಿಂದ ನಡೆದುಬಂದ, ಕೋವಿಗೆ ಲೈಸೆನ್ಸ್ ಬೇಡವೆಂಬ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 10 ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಾಫಿ ಬೆಳೆದ ಮಾತ್ರಕ್ಕೆ ಮೂಡಿಗೆರೆಯವರಿಗೆ ಅದು ಸಿಗದು. ಇಲ್ಲಿ ಕಾಡಿನ ಕಾನೂನೂ ಅಡ್ಡ ಬರುತ್ತದೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಹೊಸ ಲೈಸೆನ್ಸ್ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಇರುವ ಲೈಸೆನ್ಸನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕು. ಕಳಸದ ಬೆನ್ನಿಗೆ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಚಿಕ್ಕಮಗಳೂರಿನ ವಾಯವ್ಯಕ್ಕೆ ಭದ್ರಾ ಅಭಯಾರಣ್ಯ ಇರುವುದರಿಂದ ಎಷ್ಟೋ ತೋಟಗಳ ಅರ್ಜಿ ಜಿಲ್ಲಾಧಿಕಾರಿ ಕಚೇರಿಯ ಜೊತೆಗೆ ಅರಣ್ಯ ಇಲಾಖೆಯನ್ನೂ ಹಾದು ಬರಬೇಕು.